ಚೆಕ್ಕರಮ್ಮ ಕಿತ್ತ ಹುಲ್ಲು

ಚೆಕ್ಕರಮ್ಮನಿಗೆ ಕೂತಲ್ಲಿ ಕೂತಿರುವುದು ಎಂದೂ ಒಗ್ಗಿದ್ದಲ್ಲ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅರ್ಧ ಆಯಸ್ಸನ್ನು ನಿಂತೇ ಕಳೆದವಳು. ಅಲ್ಲಿ ಅವಳದು ಚೆಕಿಂಗ್ ಕೆಲಸ. ಹೊಲಿದು ಮುಗಿದ ಅಂಗಿ ಅವಳ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಕಾಲರು, ತೋಳು, ಗುಂಡಿ, ಕೆಳಗಿನ ಅಂಚು ಎಂದು ಬೆರಳು ಓಡುತ್ತಿತ್ತು. ಸರಿ ಇದ್ದರೆ ಬಲಕ್ಕೆ, ತಿದ್ದಿದರೆ ಸರಿಹೋಗುವಂತಿದ್ದರೆ ಎಡಕ್ಕೆ, ಕೆಟ್ಟದ್ದು ಕಾಲಬುಡದ ಡಬ್ಬಕ್ಕೆ. ಮುಂದಿನ ಅಂಗಿ ಬೀಳುವುದರೊಳಗೆ ಹಿಂದಿನದರ ಹಣೆಬರಹ ಮುಗಿದಿರಬೇಕು. ಇದು ಹೇಗೆ, ಅದು ಯಾಕೆ ಎಂದು ಯೋಚಿಸುತ್ತ ನಿಂತರೆ ಎದುರು ಗುಡ್ಡ ಬೆಳೆಯುತ್ತಿತ್ತು. ಹೊಲಿಯುವ ಹೆಂಗಸರು ಅವಳ ಮುಖ ನೋಡಿದರೆ ಸೂಜಿಗೆ ದಾರ ಪೋಣಿಸಲು ಮರೆಯುತ್ತಿದ್ದರು. ಅವರೇ ಇಟ್ಟ ಹೆಸರು ಚೆಕ್ಕರಮ್ಮ. ಆ ಹೆಸರು ಗೇಟು ದಾಟಿ, ಬೀದಿ ದಾಟಿ ಮನೆಗೂ ಬಂತು. ಹೆತ್ತ ಮಗನೇ ಗೆಳೆಯರೆದುರು "ನಮ್ಮ ಚೆಕ್ಕರಮ್ಮ" ಎನ್ನುತ್ತಿದ್ದ.

ಕಣ್ಣು ಮಂಜಾದಾಗ ಅವಳು ಯಾರಿಗೂ ಹೇಳಲಿಲ್ಲ, ಬೆರಳನ್ನೇ ನಂಬಿ ನಡೆಸಿದಳು. ಒಂದು ದಿನ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ ಇದ್ದ ಅಂಗಿ ಅವಳ ಕೈ ದಾಟಿ ಬಲಕ್ಕೆ ಹೋಯಿತು. ಮೇಲಿನವರು ಒಳ್ಳೆಯ ಮಾತಿನಲ್ಲೇ ಮನೆಗೆ ಕಳಿಸಿಕೊಟ್ಟರು. ಕಣ್ಣಿಗೆ ಆಪರೇಷನ್ ಆಗಿ ನೋಟ ತಿಳಿಯಾಯಿತು. ಕೆಲಸ ಮಾತ್ರ ತಿರುಗಿ ಬರಲಿಲ್ಲ.

ಹಾಗೆ ಅವಳು ಮಗನ ಜೊತೆ ಇರಲು ಬಂದಳು. ಮಗ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು. ಹೋದರೆ ಹೋದ, ಬಂದರೆ ಬಂದ. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಹೆಚ್ಚಿನ ದಿನ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆ ಸೇರುತ್ತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೂವರೂ ಸೇರಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಸಾಲುಮನೆಗಳಲ್ಲಿ ಕೊನೆಯದಕ್ಕೆ ಬಾಡಿಗೆಗೆ ಬಂದಿದ್ದರು. ಮುಂದೊಂದು ಕೋಣೆ, ನಡುವೊಂದು ಕೋಣೆ, ಅಡುಗೆಮನೆ, ಅದರಾಚೆ ಗೋಡೆಗೂ ಕಾಂಪೌಂಡಿಗೂ ನಡುವೆ ಚಾಪೆ ಹಾಸಿದಷ್ಟು ಮಣ್ಣು.

ಬಂದ ಮೊದಲ ವಾರದಲ್ಲೇ ಚೆಕ್ಕರಮ್ಮ ಅಡುಗೆಮನೆಯನ್ನು ಚೆಕ್ ಮಾಡಿ ಮುಗಿಸಿದ್ದಳು. ಡಬ್ಬಗಳು ಎತ್ತರದ ಪ್ರಕಾರ ನಿಂತವು. ಮುಚ್ಚಳವಿಲ್ಲದ್ದು, ಮೂಲೆ ಚಕ್ಕೆ ಎದ್ದದ್ದು, ಹಿಡಿ ಸಡಿಲವಾದದ್ದು ಕಸಕ್ಕೆ ಹೋದವು. ಹೋದದ್ದರಲ್ಲಿ ಸೊಸೆಯ ಚಹಾ ಲೋಟವೂ ಇತ್ತು, ಬಾಯಿ ಸ್ವಲ್ಪ ಚಕ್ಕೆ ಎದ್ದಿದ್ದ ಲೋಟ. ಅದು ಅವಳ ಹಾಸ್ಟೆಲ್ ದಿನಗಳ ಲೋಟ ಎಂದು ಚೆಕ್ಕರಮ್ಮನಿಗೆ ಹೇಗೆ ಗೊತ್ತಾಗಬೇಕು? ಸೊಸೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅಂದಿಗೇ ಮುಗಿಯುತ್ತಿತ್ತು. ಅವಳು "ಪರವಾಗಿಲ್ಲ ಬಿಡಿ ಅತ್ತೆ" ಎಂದು ಸ್ಟೀಲಿನ ಲೋಟದಲ್ಲಿ ಕುಡಿದಳು. ಆ "ಪರವಾಗಿಲ್ಲ" ಮನೆಯ ಮೂಲೆಯಲ್ಲಿ ಮಡಿಸಿಟ್ಟ ಕೊಡೆಯ ಹಾಗೆ ಉಳಿದುಕೊಂಡಿತು.

ಆಮೇಲೆ ಕಪಾಟು ಆಯಿತು, ಕರ್ಟನ್ನು ಆಯಿತು. ಒಂದು ಸಂಜೆ ಮಗ ವ್ಯಾನು ತೊಳೆಯುವ ನೆಪದಲ್ಲಿ ತಾಯಿಯನ್ನು ಹೊರಗೆ ಕರೆದ.

"ಅಮ್ಮ, ನೀನು ಬೇಜಾರು ಮಾಡ್ಕೋಬೇಡ."

"ಬೇಜಾರು ಮಾಡ್ಕೋಬೇಡ ಅಂದ್ರೆ ಬೇಜಾರಿನ ಮಾತೇ ಬರ್ತಿದೆ ಅಂತ ಅರ್ಥ. ಹೇಳು."

"ಅವಳು ಆಸ್ಪತ್ರೆ ಹತ್ರ ಒಂದು ಮನೆ ನೋಡಿದಾಳೆ. ಎರಡೇ ರೂಮು. ನಾವಿಬ್ಬರು ಅಲ್ಲಿದ್ರೆ ಅವಳಿಗೆ ಓಡಾಟ ಕಮ್ಮಿ ಅಂತ…"

"ಮತ್ತೆ ನಾನು?"

ಮಗ ಚಕ್ರಕ್ಕೆ ನೀರು ಎರಚಿದ. "ಅಕ್ಕನ ಮನೇಲಿ ಸ್ವಲ್ಪ ದಿನ… ಇನ್ನೂ ಏನೂ ಗಟ್ಟಿ ಆಗಿಲ್ಲಮ್ಮ. ನೀನು ಅವಳ ವಸ್ತು ಒಂದಕ್ಕೆ ಕೈ ಹಾಕದೆ ಇದ್ರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತೆ."

ಅಕ್ಕನ ಮನೆ ಎಂದರೆ ಚೆಕ್ಕರಮ್ಮನ ಮಗಳ ಮನೆ. ಅಲ್ಲಿ ಈಗಾಗಲೇ ಅಳಿಯನ ಕಡೆಯವರೆಲ್ಲ ತುಂಬಿಕೊಂಡು ಕಾಲು ಚಾಚಲೂ ಸರದಿ ಹಚ್ಚಬೇಕಿತ್ತು. ಹೋದರೆ ಮಗಳು ಬೇಡ ಎನ್ನುವುದಿಲ್ಲ, ಆದರೆ ಮಗಳ ಮುಖ ಬಾಡುವುದನ್ನು ದಿನಾ ನೋಡಬೇಕು. ಅಂದಿನಿಂದ ಚೆಕ್ಕರಮ್ಮ ಮುಳ್ಳಿನ ಮೇಲೆ ಕೂತವಳಂತೆ ಇರತೊಡಗಿದಳು. ಕೈ ಏನನ್ನಾದರೂ ಮುಟ್ಟಲು ಹೋಗುವುದು, ಅರ್ಧಕ್ಕೆ ನಿಲ್ಲುವುದು. ಡಬ್ಬ ಸರಿಸಲಿಲ್ಲ, ಚಾದರ ಮಡಿಸಲಿಲ್ಲ. ಮುಂದಿನ ಕೋಣೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಮುಂದಿನ ಕೋಣೆ ಎಂದು ತಿರುಗಾಡಿ ನೆಲ ಸವೆಸಿದಳು.

ಅಷ್ಟರಲ್ಲಿ ನಾಲ್ಕು ಮಳೆ ಬಿದ್ದು ಹಿಂದಿನ ಮಣ್ಣಿನಲ್ಲಿ ಏನೇನೋ ಮೊಳೆಯಿತು. ಹಿಂದೆ ಆ ಮನೆಯಲ್ಲಿದ್ದವರು ಏನು ಬಿತ್ತಿದ್ದರೋ, ಹಕ್ಕಿ ಏನು ಉದುರಿಸಿತ್ತೋ, ಯಾರಿಗೂ ತಿಳಿಯದು. ಬೋಳಾಗಿದ್ದ ನೆಲ ಹಸಿರಾಯಿತು. ಕಾಂಪೌಂಡಿನುದ್ದಕ್ಕೂ ಅಗಲ ಎಲೆಯ ಗಿಡಗಳು ಒಂದೇ ಎತ್ತರಕ್ಕೆ, ಒಂದೇ ಬಣ್ಣಕ್ಕೆ, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ಎದ್ದವು. ಅವುಗಳ ಮುಂದೆ ಅಲ್ಲೊಂದು ಇಲ್ಲೊಂದು ಬಿಡಿ ಗಿಡಗಳು. ಒಂದಕ್ಕೆ ಕತ್ತರಿಸಿದಂಥ ಎಲೆ, ಒಂದಕ್ಕೆ ಕೆಂಪು ದಂಟು, ಒಂದು ಬಳ್ಳಿಯೋ ಗಿಡವೋ ತನಗೇ ಗೊತ್ತಿಲ್ಲದ್ದು. ನಡುವೆ ಕಲ್ಲಿನ ಪಕ್ಕ ಉದ್ದುದ್ದ ಹುಲ್ಲಿನಂಥ ಎಲೆಗಳ ಒಂದು ಗುಂಪು.

"ಇದನ್ನೆಲ್ಲ ತೆಗೆದು ಚೊಕ್ಕಟ ಮಾಡಿದ್ರೆ ಏನಾಗುತ್ತೆ?" ಎಂದಳು ಚೆಕ್ಕರಮ್ಮ. ಕೇಳಿಯೇ ಮಾಡಬೇಕು ಎಂದು ತನಗೆ ತಾನೇ ಹಾಕಿಕೊಂಡ ಕಟ್ಟು ಅದು.

ಸೊಸೆ ಆಗಷ್ಟೇ ಡ್ಯೂಟಿಯಿಂದ ಬಂದಿದ್ದಳು, ಬೂಟು ಬಿಚ್ಚುತ್ತಿದ್ದಳು. "ಏನು ಅಂತ ಗೊತ್ತಿಲ್ದೆ ಹೆಂಗೆ ತೆಗೀತೀರಾ ಅತ್ತೆ? ಇರಲಿ ಬಿಡಿ. ಸ್ವಲ್ಪ ದಿನ ಅಬ್ಸರ್ವೇಶನ್‌ನಲ್ಲಿ ಇಡೋಣ."

"ಹಂಗಂದ್ರೆ?"

"ಆಸ್ಪತ್ರೆಗೆ ಹೊಟ್ಟೆನೋವು ಅಂತ ಬಂದವರನ್ನ ಬಂದ ತಕ್ಷಣ ಕೊಯ್ಯಲ್ಲ. ಮಲಗಿಸಿ ನೋಡ್ತೀವಿ. ಜ್ವರ ಏರುತ್ತಾ, ಇಳಿಯುತ್ತಾ. ಅರ್ಧ ಜನ ತಾವೇ ಎದ್ದು ಹೋಗ್ತಾರೆ."

"ನಮ್ಮಲ್ಲಿ ಹಂಗೆ ನೋಡ್ತಾ ಕೂತಿದ್ರೆ ಅಂಗಿ ಹೊರದೇಶಕ್ಕೆ ಒಯ್ಯೋ ಹಡಗು ಬಿಟ್ಟುಹೋಗ್ತಿತ್ತು."

"ಇಲ್ಲಿ ಹಡಗು ಇಲ್ಲ ಅತ್ತೆ" ಎಂದು ಸೊಸೆ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು. ಚೆಕ್ಕರಮ್ಮ ಬಾಯಿಗೆ ಬೀಗ ಹಾಕಿಕೊಂಡಳು.

ಬಾಯಿಗೆ ಬೀಗ ಹಾಕಬಹುದು, ಕಣ್ಣಿಗೆ ಹಾಕುವುದು ಹೇಗೆ? ಪಾತ್ರೆ ತೊಳೆಯುವ ಕಡೆ ಕಿಟಕಿ. ಕಿಟಕಿಯಾಚೆ ಆ ಗಿಡಗಳು. ಒಂದು ದಿನ ಕಂಡದ್ದಕ್ಕಿಂತ ಮರುದಿನ ಎತ್ತರ. ಪಾಸೂ ಆಗದೆ ರಿಜೆಕ್ಟೂ ಆಗದೆ ಅಷ್ಟು ಜೀವಗಳು ಎದುರು ನಿಂತಿದ್ದರೆ ಅವಳ ಕೈ ಪಾತ್ರೆಯ ಮೇಲೆ ನಿಲ್ಲುತ್ತಿರಲಿಲ್ಲ.

ಪಕ್ಕದ ಮನೆಯ ಬೈಂಡರ್ ಅಣ್ಣನನ್ನು ಕೇಳಿದಳು. ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವವನು. ಕೈಯಲ್ಲಿ ಯಾವಾಗಲೂ ಅಂಟು, ಬಾಯಲ್ಲಿ ಯಾವಾಗಲೂ ಉತ್ತರ. ಗೋಡೆಯ ಮೇಲೆ ಗದ್ದ ಇಟ್ಟು ನೋಡಿದ.

"ಅಯ್ಯೋ, ಇದು ಗೊತ್ತಿಲ್ವಾ? ಇದು ಮಂಡಿನೋವಿಗೆ."

"ನಿನ್ನೆ ಇದನ್ನೇ ತೋರಿಸಿದಾಗ ಕೆಮ್ಮಿಗೆ ಅಂದ್ರಿ."

"ನಿನ್ನೆ ಗಿಡ ಚಿಕ್ಕದಿತ್ತು."

"ಆ ಹುಲ್ಲು?"

"ಅದು ಹುಲ್ಲು."

"ಅಷ್ಟು ನನಗೂ ಗೊತ್ತಣ್ಣ!"

"ನೋಡಿ, ಕೇಳಿದ್ದಕ್ಕೆ ಸರಿಯಾಗಿ ಹೇಳಿದ್ರೂ ತಪ್ಪೇ" ಎಂದು ಅವನು ಗದ್ದ ಒರೆಸಿಕೊಂಡು ಹೋದ.

ಕೀಳಬಾರದು ಎಂದರೆ ಗುರುತು ಹಾಕಬಾರದು ಎಂದೇನೂ ಇಲ್ಲವಲ್ಲ. ಚೆಕ್ಕರಮ್ಮ ದಾರದ ಡಬ್ಬ ತಂದಳು. ಕೆಂಪು ದಾರ ಕಟ್ಟಿದ್ದು ಕೀಳುವುದಕ್ಕೆ, ಬಿಳಿ ದಾರ ಉಳಿಸುವುದಕ್ಕೆ, ಕಪ್ಪು ದಾರ ಅನುಮಾನದ್ದಕ್ಕೆ. ಕಾರ್ಖಾನೆಯಲ್ಲಿ ಅವಳ ಮೇಜಿನ ಮೇಲೆ ಸ್ಯಾಂಪಲ್ ಪೀಸು ಅಂತ ಒಂದು ಅಂಗಿ ತೂಗುತ್ತಿತ್ತು. ಗಿರಾಕಿ ಒಪ್ಪಿ ಸೀಲು ಹಾಕಿದ ಅಂಗಿ. ಅದರ ಹಾಗಿದ್ದದ್ದು ಒಳ್ಳೆಯದು, ಹಾಗಿಲ್ಲದ್ದು ಕೆಟ್ಟದ್ದು, ಇಷ್ಟೇ ಅವಳ ಶಾಸ್ತ್ರ. ಇಲ್ಲಿ ಸ್ಯಾಂಪಲ್ ಯಾವುದು? ಕಾಂಪೌಂಡಿನುದ್ದದ ಆ ಸಾಲು. ಒಂದರ ಪಡಿಯಚ್ಚು ಇನ್ನೊಂದು. ಇಷ್ಟು ಒಂದೇ ಸಮ ಬರಬೇಕಾದರೆ ಯಾರೋ ಕೈಯಾರೆ ಬಿತ್ತಿದ್ದೇ ಇರಬೇಕು, ದಿಕ್ಕುಗೆಟ್ಟು ಹುಟ್ಟಿದ್ದು ಹೀಗೆ ಸಾಲುಗಟ್ಟುತ್ತದೆಯೇ ಎಂದುಕೊಂಡಳು. ಸಾಲಿಗೆಲ್ಲ ಬಿಳಿ ದಾರ. ಉಳಿದ ಬಿಡಿ ಗಿಡಗಳಿಗೆ ಕೆಂಪೋ ಕಪ್ಪೋ. ಹುಲ್ಲಿಗೆ ಕಟ್ಟಲು ದಾರವನ್ನೇ ದಂಡ ಮಾಡಲಿಲ್ಲ.

ಬೆಳಿಗ್ಗೆ ಸೊಸೆ ನೋಡಿ, "ಏನತ್ತೆ, ಎಲ್ಲರ ಕೈಗೂ ಬ್ಯಾಂಡ್ ಹಾಕಿ ಅಡ್ಮಿಟ್ ಮಾಡ್ಕೊಂಡ್ರಾ?" ಎಂದಳು. ಮುಖದಲ್ಲಿ ನಗು ಇತ್ತು. ಆದರೆ ಒಳಗೆ ಹೋಗುವಾಗ ಒಮ್ಮೆ ತಿರುಗಿ ಎಲ್ಲ ಗಿಡಗಳ ಮೇಲೂ ಕಣ್ಣಾಡಿಸಿದಳು, ಸ್ಟೀಲಿನ ಲೋಟ ಹಿಡಿದುಕೊಂಡೇ.

ಅಂದಿನಿಂದ ಚೆಕ್ಕರಮ್ಮ ಒಂದು ಸಂಗತಿ ಗಮನಿಸಿದಳು. ಸೊಸೆ ಡ್ಯೂಟಿಯಿಂದ ಬಂದವಳು ಬಟ್ಟೆ ಕೂಡ ಬದಲಿಸದೆ ಚಹಾ ಹಿಡಿದು ಹಿಂದಕ್ಕೆ ಹೋಗುತ್ತಿದ್ದಳು. ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಾಂಪೌಂಡಿನ ಕಡೆ ಮುಖ ಮಾಡಿ, ಚಹಾ ಆರಿ ನೀರಾಗುವ ತನಕ ಹಾಗೇ ಇರುತ್ತಿದ್ದಳು. ಕಿಟಕಿಯಿಂದ ಬೆನ್ನು ಮಾತ್ರ ಕಾಣುತ್ತಿತ್ತು. ದಣಿದ ಬೆನ್ನು ಎಂದು ಹೆಂಗಸಾದವಳಿಗೆ ಹೇಳಬೇಕಾಗಿಲ್ಲ. ಓ, ಇವಳಿಗೂ ಆ ಸಾಲು ಹಿಡಿಸಿದೆ, ನನ್ನ ಕಣ್ಣೂ ಇವಳ ಕಣ್ಣೂ ಒಂದು ಕಡೆಯಾದರೂ ಕೂಡಿತಲ್ಲ ಎಂದು ಚೆಕ್ಕರಮ್ಮನ ಎದೆ ಹಗುರಾಯಿತು. ಆಮೇಲೆ ನೋಡಿದರೆ ಕಲ್ಲಿನ ಪಕ್ಕದ ಹುಲ್ಲು ಆ ಸಾಲಿನ ಬುಡದ ತನಕ ಹಬ್ಬಿತ್ತು. ಒಳ್ಳೆಯ ಗಿಡದ ನೀರನ್ನೆಲ್ಲ ಅದೇ ಕುಡಿಯುತ್ತದೆ. ಇವಳು ನೋಡುವ ಗಿಡದ ಮುಂದೆ ಇದೊಂದು ಅಡ್ಡ.

ಆ ಯೋಚನೆ ತಲೆಗೆ ಹೊಕ್ಕಿದ್ದೇ ತಡ, ಅದು ಬೇರೆ ಯಾವ ಯೋಚನೆಗೂ ಜಾಗ ಬಿಡಲಿಲ್ಲ. ಮಗ ಊರಾಚೆ ಲೋಡು ಹಾಕಿಕೊಂಡು ಹೋಗಿದ್ದ. ಸೊಸೆಗೆ ಯಾರೋ ರಜೆ ಹಾಕಿದ್ದರಿಂದ ಹಗಲೂ ಅಲ್ಲೇ ಉಳಿಯಬೇಕೆಂದು ಫೋನು ಬಂದಿತ್ತು. ಚೆಕ್ಕರಮ್ಮ ಹಿಂದಿನ ಬಾಗಿಲಿಗೆ ಹೋದಳು, ಬಂದಳು, ಮತ್ತೆ ಹೋದಳು. ಕೈ ಹಾಕಬೇಡ ಅಂದದ್ದು ಅವಳ ವಸ್ತುವಿಗೆ. ಹುಲ್ಲು ಯಾರ ವಸ್ತು? ದಣಿದು ಬರುತ್ತಾಳೆ, ಚೊಕ್ಕಟವಾಗಿರುವ ನೆಲ ಕಂಡರೆ ಖುಷಿಪಡುತ್ತಾಳೆ. ಅತ್ತೆ ಕಸ ಹಾಕುವವಳಲ್ಲ, ಕಸ ತೆಗೆಯುವವಳು ಎಂದು ತಿಳಿಯಲಿ.

ಹೋಗಿ ಕೂತಳು. ಒಂದು ಹಿಡಿ ಹಿಡಿದು ಎಳೆದಳು, ಬರಲಿಲ್ಲ. ಸೌಟಿನ ಹಿಡಿಯಿಂದ ಮಣ್ಣು ಮೀಟಿ ಎಳೆದಳು, ಬುಡಸಮೇತ ಬಂತು. ಒಂದು ಸಲ ಕೈ ಓಟ ಹಿಡಿದ ಮೇಲೆ ಅವಳಿಗೆ ಕಾರ್ಖಾನೆಯ ದಿನವೇ ಮರಳಿ ಬಂದಂತಾಯಿತು. ಕೀಳು, ಕೊಡವು, ಡಬ್ಬಕ್ಕೆ ಹಾಕು. ಬೆನ್ನು ಬೆವರಿತು, ಮನಸ್ಸು ಎಷ್ಟೋ ದಿನದ ಮೇಲೆ ತಣ್ಣಗಾಯಿತು. ನೆಲ ಒರೆಸಿದ ಹಾಗೆ ಕಂಡಿತು.

ಕಸ ಚೆಲ್ಲಲು ಡಬ್ಬ ಎತ್ತಿದಾಗ ಭಾರ ಎನ್ನಿಸಿತು. ಹುಲ್ಲಿಗೆ ಇಷ್ಟು ಭಾರವೇ? ಬಗ್ಗಿ ನೋಡಿದಳು. ಮಣ್ಣು ಉದುರಿದ ಕಡೆ ಒಂದೊಂದು ಬುಡದಲ್ಲೂ ಬೆಳ್ಳಗಿನ ಗಡ್ಡೆ, ಈರುಳ್ಳಿಯ ಹಾಗೆ ಸಿಪ್ಪೆ ಸುತ್ತಿಕೊಂಡು, ಪಕ್ಕದಲ್ಲಿ ಮರಿಗಡ್ಡೆಗಳನ್ನು ಅವಚಿಕೊಂಡು. ಹುಲ್ಲಿಗೆ ಗಡ್ಡೆ ಎಲ್ಲಿಯದು? ಅದು ಹುಲ್ಲಲ್ಲ. ಅದು ಏನೋ.

ಅವಳು ಡಬ್ಬ ಹಿಡಿದು ಸೊಸೆ ದಿನಾ ಕೂರುತ್ತಿದ್ದ ಜಾಗದಲ್ಲೇ ಕುಸಿದಳು. ಕೂತ ಮೇಲೆ ಗೊತ್ತಾಯಿತು. ಇಷ್ಟು ಕೆಳಗೆ ಕೂತರೆ ಕಾಂಪೌಂಡಿನ ಸಾಲು ಕಾಣಬೇಕಾದರೆ ಕತ್ತು ಎತ್ತಬೇಕು. ಕತ್ತು ತಗ್ಗಿಸಿ ಕೂತವಳ ಕಣ್ಣಿಗೆ ನೇರ ಬೀಳುವುದು ಈ ಕಲ್ಲಿನ ಪಕ್ಕ. ಈಗ ಗುಂಡಿ ಬಿದ್ದ ಜಾಗ.

ಗುಂಡಿ ತೋಡಿ ಗಡ್ಡೆಗಳನ್ನು ಒಂದೊಂದಾಗಿ ತಿರುಗಿ ಹೂಳಿದಳು. ನೀರು ಹಾಕಿದಳು, ಹೆಚ್ಚಾಯಿತೆಂದು ಕೈಯಲ್ಲಿ ಮೊಗೆದು ತೆಗೆದಳು. ಎಲೆಗಳು ನಿಲ್ಲಲಿಲ್ಲ, ಎತ್ತಿ ನಿಲ್ಲಿಸಿದಷ್ಟೂ ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಬೈಂಡರ್ ಅಣ್ಣ ಗೋಡೆಯಾಚೆಯಿಂದ ಇಣುಕಿದ.

"ಏನ್ ಮಾಡ್ತಿದೀರಿ?"

"ಹುಲ್ಲು ನೆಡ್ತಿದೀನಿ."

ಅವನು ಗೋಡೆಯ ಮೇಲಿಂದ ಗದ್ದ ತೆಗೆದು ಒಳಗೆ ಹೋದ.

ಗಾಳಿಗೆ ಮುರಿಯಿತು ಎನ್ನಬಹುದಿತ್ತು. ಬೆಕ್ಕು ಕೆದರಿತು ಎನ್ನಬಹುದಿತ್ತು. ಕಾಂಪೌಂಡಿನ ಮೇಲೆ ಒಂದು ಬೆಕ್ಕು ನಿಜವಾಗಿಯೂ ಓಡಾಡುತ್ತಿತ್ತು, ಪಾಪ. ಚೆಕ್ಕರಮ್ಮ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ರುಚಿಸಲಿಲ್ಲ. ಕಾರ್ಖಾನೆಯಲ್ಲಿ ಪಾಸಾದ ಪ್ರತಿ ಅಂಗಿಯ ಜೇಬಿಗೂ ಚೆಕ್ ಮಾಡಿದವರ ಗುರುತಿನ ಚೀಟಿ ಹಾಕಬೇಕಿತ್ತು. ತಪ್ಪು ಹೋದರೆ ಎಷ್ಟು ದೂರದಿಂದಲಾದರೂ ಆ ಚೀಟಿ ತಿರುಗಿ ಬಂದು ಮೇಜಿನ ಮೇಲೆ ಬೀಳುತ್ತಿತ್ತು. ನಾನಲ್ಲ ಎನ್ನುವ ದಾರಿಯೇ ಅವಳಿಗೆ ಅಭ್ಯಾಸವಿರಲಿಲ್ಲ. ಹೇಳಿದರೆ ಮಗಳ ಮನೆ. ಹೇಳದಿದ್ದರೆ ಈ ಮನೆ, ಆದರೆ ಆ ಗುಂಡಿಯನ್ನು ದಿನಾ ಕಿಟಕಿಯಿಂದ ನೋಡುತ್ತ. ಸೊಸೆ ಬರುವ ತನಕ ಅವಳು ಎಷ್ಟು ಸಲ ಬಾಗಿಲು ತೆಗೆದು ಬೀದಿ ನೋಡಿದಳೋ, ಎದುರು ಮನೆಯವರು "ಯಾರಾದ್ರೂ ನೆಂಟರು ಬರ್ತಾರಾ?" ಎಂದು ಕೇಳಿದರು.

ಇಳಿಹೊತ್ತಿಗೆ ಸೊಸೆ ಬಂದಳು. ಚೆಕ್ಕರಮ್ಮ ಅವಳಿಗೆ ಎರಡನೇ ಬೂಟು ಬಿಚ್ಚಲೂ ಬಿಡಲಿಲ್ಲ.

"ಆ ಉದ್ದೆಲೆ ಗಿಡ ಕಿತ್ತುಬಿಟ್ಟೆ. ಕಲ್ಲಿನ ಹತ್ರದ್ದು. ಹುಲ್ಲು ಅಂದ್ಕೊಂಡೆ. ನೀನು ನೋಡೋದು ಹಿಂದಿನ ಸಾಲನ್ನ ಅಂದ್ಕೊಂಡೆ. ಗಡ್ಡೆ ಇತ್ತು. ಮತ್ತೆ ನೆಟ್ಟಿದೀನಿ, ಬಾಡಿದೆ. ಬೈಯೋದಾದ್ರೆ ಬೈದುಬಿಡು, ಪರವಾಗಿಲ್ಲ ಅನ್ಬೇಡ."

ಸೊಸೆ ಒಂದು ಕಾಲಿಗೆ ಬೂಟು, ಒಂದು ಕಾಲು ಬರಿದು, ಹಾಗೇ ಹಿಂದಕ್ಕೆ ಹೋದಳು. ಕಲ್ಲಿನ ಹತ್ತಿರ ಕೂತಳು. ಚೆಕ್ಕರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅದು ಏನು ಗಿಡ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ."

"ಮತ್ತೆ ಯಾಕೆ ದಿನಾ…"

"ವಾರ್ಡಿನಲ್ಲಿ ಎಲ್ಲರೂ ಕರೀತಾರೆ ಅತ್ತೆ. ಸಿಸ್ಟರ್ ನೀರು, ಸಿಸ್ಟರ್ ನೋವು, ಸಿಸ್ಟರ್ ಲೈಟು. ಮನೆಗೆ ಬಂದ್ರೆ ಯಾವ ಡಬ್ಬ ಎಲ್ಲಿದೆ ಅಂತ ಹುಡುಕಬೇಕು. ಇದೊಂದು ನನ್ನ ಕರೀದೆ ತನ್ನ ಪಾಡಿಗೆ ತಾನು ಬೆಳೀತಿತ್ತು. ನೋಡ್ಕೊಂಡು ಕೂರ್ತಿದ್ದೆ." ಅವಳ ದನಿ ಏರಿತು. "ಒಂದು, ಒಂದಾದ್ರೂ ಇದ್ದಲ್ಲಿ ಇರೋಕೆ ಬಿಡ್ತೀರಾ ನೀವು? ಆ ಲೋಟ ಎಸೆದ್ರಿ, ನಾನು ಸುಮ್ನಿದ್ದೆ. ಸುಮ್ನಿದ್ದೂ ಸುಮ್ನಿದ್ದೂ ನನಗೆ ಸಾಕಾಗಿದೆ!"

"ಅದಕ್ಕೇ ಬೇರೆ ಮನೆ ನೋಡಿದ್ದು."

ಸೊಸೆ ತಿರುಗಿದಳು. "ಹೇಳ್ಬಿಟ್ರಾ ನಿಮ್ಮ ಮಗ?"

"ಅವನ ಹೊಟ್ಟೇಲಿ ಮಾತು ನಿಲ್ಲಲ್ಲ, ಚಿಕ್ಕಂದಿನಿಂದ."

"ನನಗೆ ಹೇಳ್ಲಿಲ್ಲ ನೋಡಿ, ನಿಮಗೆ ಹೇಳಿದೀನಿ ಅಂತ." ಸೊಸೆ ಮುಖ ಒರೆಸಿಕೊಂಡಳು. "ನಾಳೆ ನಾಡಿದ್ದರಲ್ಲಿ ಹೇಳ್ಬೇಕು ಆ ಮನೆ ಓನರ್‌ಗೆ, ಬರ್ತೀವೋ ಇಲ್ವೋ ಅಂತ."

ಅವಳು ಬಾಡಿದ ಎಲೆಯೊಂದನ್ನು ಬೆರಳಲ್ಲಿ ಎತ್ತಿ ನೋಡಿದಳು. ಆಮೇಲೆ ಸೊಸೆ ಎದ್ದು, "ಕತ್ತರಿ ಕೊಡಿ" ಎಂದಳು. ಚೆಕ್ಕರಮ್ಮ ನೂಲು ಕತ್ತರಿಸುವ ತನ್ನ ಸಣ್ಣ ಕತ್ತರಿ ತಂದುಕೊಟ್ಟಳು. ಸೊಸೆ ಎಲೆಗಳನ್ನೆಲ್ಲ ಬುಡದಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಿದಳು. ಚೆಕ್ಕರಮ್ಮನಿಗೆ ತನ್ನ ಬೆರಳೇ ಕತ್ತರಿಸಿದಂತಾಯಿತು.

"ಇದ್ದಬದ್ದದ್ದನ್ನೂ ತೆಗೆದುಬಿಟ್ಟೆಯಲ್ಲೇ!"

"ಬಾಡಿದ್ದನ್ನ ಇಟ್ಕೊಂಡ್ರೆ ಗಡ್ಡೆಗೆ ಭಾರ ಅನ್ಸುತ್ತೆ. ನನಗೂ ಸರಿಯಾಗಿ ಗೊತ್ತಿಲ್ಲ. ಗಡ್ಡೇಲಿ ಜೀವ ಇದ್ರೆ ಬರುತ್ತೆ, ಇಲ್ದಿದ್ರೆ ಇಲ್ಲ."

"ಎಷ್ಟು ದಿನಕ್ಕೆ ಗೊತ್ತಾಗುತ್ತೆ?"

"ಗೊತ್ತಾದಾಗ ಗೊತ್ತಾಗುತ್ತೆ."

ಇದಕ್ಕಿಂತ ದೊಡ್ಡ ಶಿಕ್ಷೆ ಚೆಕ್ಕರಮ್ಮನಿಗೆ ಯಾರೂ ವಿಧಿಸಿರಲಿಲ್ಲ. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟವಳೇ ಮಣ್ಣಿನ ಹತ್ತಿರ ಹೋದಳು. ಬೆರಳಿಂದ ಕೆದಕಿ ಗಡ್ಡೆ ಹೇಗಿದೆ ನೋಡೋಣ ಎನ್ನಿಸಿತು. ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದಳು. ಮತ್ತೆ ಹೋದಳು. ಮಧ್ಯಾಹ್ನದೊಳಗೆ ಆ ದಾರಿಯಲ್ಲಿ ಅವಳ ಹೆಜ್ಜೆಗೆ ಹುಡಿ ಎದ್ದಿತ್ತು. ಮಗ ಊರಿಂದ ಬಂದವನು ತಾಯಿಯ ಮುಖ, ಹೆಂಡತಿಯ ಮುಖ ಎರಡನ್ನೂ ನೋಡಿ, ವ್ಯಾನು ತೊಳೆಯಲು ಹೊರಟ.

"ಮೊನ್ನೆ ತಾನೇ ತೊಳೆದೆಯಲ್ಲ" ಎಂದಳು ಚೆಕ್ಕರಮ್ಮ.

"ಮತ್ತೆ ಧೂಳಾಗಿದೆ" ಎಂದ ಅವನು.

ಅವನು ಹೊರಗಿದ್ದಾಗಲೇ ಸೊಸೆಯ ಫೋನು ರಿಂಗಾಯಿತು. ಆಸ್ಪತ್ರೆ ಹತ್ತಿರದ ಮನೆಯ ಮಾಲೀಕರು. ಸೊಸೆ ನಡುವಿನ ಕೋಣೆಯಲ್ಲಿ ಡ್ಯೂಟಿಗೆ ತಲೆ ಬಾಚಿಕೊಳ್ಳುತ್ತಿದ್ದಳು. ಚೆಕ್ಕರಮ್ಮ ಅಡುಗೆಮನೆಯಲ್ಲಿ ತೊಳೆದ ತಟ್ಟೆಯನ್ನೇ ತೊಳೆಯುತ್ತ ನಲ್ಲಿ ಸಣ್ಣ ಮಾಡಿದಳು.

"ಹೌದು ಸರ್, ನಾನೇ. … ಹೌದು, ಮನೆ ಇಷ್ಟ ಆಗಿದೆ. … ಅದೇ ಹೇಳೋಣ ಅಂತಿದ್ದೆ."

ಬಾಚಣಿಗೆ ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ಸೊಸೆ ಅಡುಗೆಮನೆಯ ಬಾಗಿಲ ತನಕ ಬಂದಳು. ಚೆಕ್ಕರಮ್ಮ ಬೆನ್ನು ತಿರುಗಿಸಿಯೇ ಇದ್ದಳು.

"ಈ ತಿಂಗಳು ಆಗಲ್ಲ ಸರ್. … ಇಲ್ಲ, ಯಾರಿಗೂ ಹುಷಾರಿಲ್ದೆ ಏನಿಲ್ಲ. ಹಿಂದೆ ಗಡ್ಡೆ ನೆಟ್ಟಿದೀವಿ. … ಗಡ್ಡೆ ಸರ್, ಗಡ್ಡೆ. … ಏನು ಗಡ್ಡೆ ಅಂತ ನಮಗೂ ಗೊತ್ತಿಲ್ಲ. ಬಂದ ಮೇಲೆ ನೋಡ್ಬೇಕು. … ಬೇರೆಯವರಿಗೆ ಕೊಡೋದಾದ್ರೆ ಕೊಟ್ಬಿಡಿ."

ಫೋನು ಇಟ್ಟು ಸೊಸೆ ಬೂಟು ಹಾಕಿಕೊಂಡಳು. "ನೀರು ಜಾಸ್ತಿ ಹಾಕ್ಬೇಡಿ ಅತ್ತೆ. ಕೆದಕಬೇಡಿ."

"ಕೆದಕಲ್ಲ."

"ಕೆದಕ್ತೀರಾ, ನನಗೆ ಗೊತ್ತು."

"ಒಂದು ಸಲ?"

"ಒಂದು ಸಲಾನೂ ಬೇಡ."

ಈ ತಿಂಗಳು ಆಗಲ್ಲ ಎಂದರೆ ಮುಂದಿನ ತಿಂಗಳು ಏನು ಎಂಬ ಪ್ರಶ್ನೆ ಚೆಕ್ಕರಮ್ಮನ ನಾಲಿಗೆ ತುದಿಯ ತನಕ ಬಂದಿತ್ತು. ಸೊಸೆ ಚೀಲ ಹೆಗಲಿಗೇರಿಸಿ ಬೀದಿಗಿಳಿದಳು. ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಚೆಕ್ಕರಮ್ಮ ಆ ಮಾತನ್ನು ನುಂಗಿಕೊಂಡು ಹಿಂದಕ್ಕೆ ಹೋಗಿ ಮಣ್ಣಿನ ಮುಂದೆ ಕೂತಳು. ಹೊಸದಾಗಿ ಏನೂ ಕಾಣುತ್ತಿರಲಿಲ್ಲ. ಎರಡೂ ಕೈಯನ್ನು ಮಂಡಿಯ ಸಂದಿಗೆ ಒತ್ತಿಕೊಂಡು ನೋಡುತ್ತ ಕೂತಳು.